ಗುಂಡಿ ಒತ್ತುವುದಕ್ಕೆ ಮೊದಲು

ದ್ವಿತೀಯ ಪಿಯುಸಿ ಫಲಿತಾಂಶ ಬಂದು, ನೀಟ್ ಅಂಕಗಳು ಎಂಬಿಬಿಎಸ್ ಸೀಟಿನ ಹತ್ತಿರಕ್ಕೂ ಸುಳಿಯುವುದಿಲ್ಲ ಎಂದು ಖಾತ್ರಿಯಾದ ಮೇಲೆ ಮನೆಗಳಲ್ಲಿ ಇನ್ನೊಂದು ಪಟ್ಟಿ ತಯಾರಾಗುತ್ತದೆ. ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ, ಕೊನೆಯಲ್ಲಿ ಯಾರೋ ಸೋದರಮಾವ ಹೇಳಿದ ‘ಆ ಸ್ಕ್ಯಾನಿಂಗ್ ಕೋರ್ಸು’. ಇಮೇಜಿಂಗ್ ವಿದ್ಯಾರ್ಥಿಗಳಿಗೆ ಪಾಠ ಹೇಳುವ ನನ್ನಂಥವರಿಗೆ ಆ ದಿನಗಳಲ್ಲಿ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ‘ಎಕ್ಸ್‌ರೇ ಗುಂಡಿ ಒತ್ತೋದನ್ನ ಕಲಿಯೋಕೆ ನಾಲ್ಕು ವರ್ಷ ಯಾಕೆ ಸಾರ್? ನಮ್ಮೂರ ನರ್ಸಿಂಗ್ ಹೋಮಿನ ಹುಡುಗ ಆರು ತಿಂಗಳಲ್ಲಿ ಕಲಿತನಲ್ಲ!’

ಕೇಳುವವರ ತಪ್ಪೇನಿಲ್ಲ. ಹೊರಗೆ ನಿಂತವರಿಗೆ ಕಾಣುವುದು ಗುಂಡಿಯೊಂದೇ. ಆ ಹುಡುಗ ಆರು ತಿಂಗಳಲ್ಲಿ ಕಲಿತದ್ದೂ ಅದನ್ನೇ. ಯಂತ್ರಗಳು ಸುಲಭವಾದಷ್ಟೂ ಗುಂಡಿಯ ಕೆಲಸ ಸುಲಭವಾಗುತ್ತಿದೆ, ಗುಂಡಿಗೆ ಮೊದಲಿನ ಕೆಲಸ ಕಠಿಣವಾಗುತ್ತಿದೆ ಎಂಬುದು ನನ್ನ ಅಭಿಪ್ರಾಯ. ಪದವಿ ಬೇಕಾದದ್ದು ಆ ಎರಡನೆಯದಕ್ಕೆ.

ಮೊದಲು ಕೋರ್ಸಿನ ಚೌಕಟ್ಟು ಹೇಳಿಬಿಡುತ್ತೇನೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಇದು ಬಿ.ಎಸ್ಸಿ. ಇಮೇಜಿಂಗ್ ಟೆಕ್ನಾಲಜಿ. ಮಣಿಪಾಲದಲ್ಲಿ ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿ, ನಿಮ್ಹಾನ್ಸ್‌ನಲ್ಲಿ ಬಿ.ಎಸ್ಸಿ. ರೇಡಿಯೋಗ್ರಫಿ. ಸಾಮಾನ್ಯ ಕ್ರಮವೆಂದರೆ ಮೂರು ವರ್ಷ ಪಾಠ, ಒಂದು ವರ್ಷ ಇಂಟರ್ನ್‌ಶಿಪ್. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಮೊದಲಿಗೆ ಅಂಗರಚನೆ, ಶರೀರಕ್ರಿಯೆ, ವಿಕಿರಣದ ಭೌತಶಾಸ್ತ್ರ. ಆಮೇಲೆ ಎಕ್ಸ್‌ರೇ ತಂತ್ರಗಳು, ಕಾಂಟ್ರಾಸ್ಟ್ ಕೊಟ್ಟು ಮಾಡುವ ಪರೀಕ್ಷೆಗಳು, ಸಿ.ಟಿ., ಎಂ.ಆರ್.ಐ. ಇಷ್ಟನ್ನು ಯಾವ ಕಾಲೇಜಿನ ಕೈಪಿಡಿ ಬೇಕಾದರೂ ಹೇಳುತ್ತದೆ. ಕೈಪಿಡಿ ಹೇಳದೆ ಬಿಡುವುದನ್ನು ತಿಳಿಯಲು ಎಲ್ಲರೂ ಒಮ್ಮೆಯಾದರೂ ತೆಗೆಸಿರುವ ಎದೆಯ ಎಕ್ಸ್‌ರೇಯನ್ನೇ ನೋಡೋಣ.

ನಿಮ್ಮನ್ನು ಪ್ಲೇಟಿಗೆ ಎದೆ ಒತ್ತಿ, ಯಂತ್ರಕ್ಕೆ ಬೆನ್ನು ಮಾಡಿ ನಿಲ್ಲಿಸುತ್ತಾರೆ. ಫೋಟೋ ಎಂದರೆ ಮುಖ ತೋರಿಸುವುದು ರೂಢಿ. ಇಲ್ಲಿ ಯಾಕೆ ಬೆನ್ನು? ಎಕ್ಸ್‌ಕಿರಣ ಮೂಡಿಸುವುದು ನೆರಳನ್ನು. ವಸ್ತು ಪರದೆಗೆ ಹತ್ತಿರವಿದ್ದಷ್ಟೂ ನೆರಳು ಅದರ ನಿಜವಾದ ಅಳತೆಗೆ ಹತ್ತಿರ. ಹೃದಯವಿರುವುದು ಎದೆಯ ಮುಂಭಾಗಕ್ಕೆ. ಬೆನ್ನನ್ನು ಪ್ಲೇಟಿಗೆ ಆನಿಸಿ ತೆಗೆದರೆ ಹೃದಯ ದೊಡ್ಡದಾಗಿ ಕಾಣುತ್ತದೆ, ಇಲ್ಲದ ಹೃದ್ರೋಗವೊಂದು ಫಿಲ್ಮಿನಲ್ಲಿ ಹುಟ್ಟಿಕೊಳ್ಳುತ್ತದೆ. ಯಂತ್ರವನ್ನು ಆರಡಿ, ಅಂದರೆ 180 ಸೆಂಟಿಮೀಟರ್ ದೂರಕ್ಕೆ ಸರಿಸುವುದೂ ಇದೇ ಕಾರಣಕ್ಕೆ. ಕೈ ಮೂಳೆಗೆ ಒಂದು ಮೀಟರ್ ಸಾಕು, ಎದೆಗೆ ಸಾಲದು. ಇನ್ನು ಗಲ್ಲ ಮೇಲೆ, ಅಂಗೈ ಹೊರಮುಖವಾಗಿ ಸೊಂಟದ ಮೇಲೆ, ಭುಜಗಳನ್ನು ಮುಂದಕ್ಕೆ ತಳ್ಳಬೇಕು. ಭುಜ ಮುಂದೆ ಬಂದಾಗ ಬೆನ್ನಿನ ಎರಡು ಹೆಗಲೆಲುಬುಗಳು ಶ್ವಾಸಕೋಶದ ಮೇಲಿಂದ ಪಕ್ಕಕ್ಕೆ ಜಾರುತ್ತವೆ. ಜಾರದಿದ್ದರೆ ಅವುಗಳ ಅಂಚು ಶ್ವಾಸಕೋಶದೊಳಗಿನ ಗೆರೆಯಂತೆ ಕಂಡು ವೈದ್ಯರ ಹತ್ತು ನಿಮಿಷ ತಿನ್ನುತ್ತದೆ.

ಆಮೇಲೆ ಉಸಿರು. ‘ಜೋರಾಗಿ ಉಸಿರು ಎಳ್ಕೊಳ್ಳಿ, ಹಾಗೇ ಹಿಡೀರಿ’ ಎನ್ನುವುದು ಸುಲಭ. ಅರವತ್ತು ದಾಟಿದ ಅಜ್ಜ ಉಸಿರು ಎಳೆದುಕೊಳ್ಳುತ್ತಾರೆ. ‘ಹಿಡೀರಿ’ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ‘ಹೂಂ’ ಎಂದು ಉತ್ತರ ಕೊಟ್ಟು ಅಷ್ಟನ್ನೂ ಬಿಟ್ಟುಬಿಡುತ್ತಾರೆ. ಗುಂಡಿ ಒತ್ತಿದ್ದು ಆಗಲೇ. ಉಸಿರು ಬಿಟ್ಟ ಎದೆಯ ಚಿತ್ರದಲ್ಲಿ ಶ್ವಾಸಕೋಶದ ಬುಡ ಮಬ್ಬಾಗುತ್ತದೆ, ಹೃದಯ ಅಗಲವಾಗುತ್ತದೆ. ಪಳಗಿದವರು ಮೊದಲು ಸುಮ್ಮನೆ ಒಂದೆರಡು ಸಲ ಉಸಿರಾಟ ಮಾಡಿಸಿ ನೋಡುತ್ತಾರೆ. ಅಜ್ಜನ ಪಕ್ಕೆ ಎಷ್ಟು ಏರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಕಣ್ಣಲ್ಲೇ ಅಳೆದು, ಏರಿಕೆಯ ತುದಿಗೆ ಸರಿಯಾಗಿ ಒತ್ತುತ್ತಾರೆ. ಒತ್ತಿದ್ದು ಸರಿಯಾಯಿತೇ ಎಂಬುದಕ್ಕೆ ಚಿತ್ರದಲ್ಲೇ ಸಾಕ್ಷಿ ಇರುತ್ತದೆ. ವಪೆಯ ಮೇಲೆ ಹಿಂಬದಿಯ ಒಂಬತ್ತೋ ಹತ್ತೋ ಪಕ್ಕೆಲುಬು ಎಣಿಸಲು ಸಿಗಬೇಕು. ಎರಡು ಕೊರಳೆಲುಬುಗಳ ಒಳತುದಿ ಬೆನ್ನುಮೂಳೆಯ ನಡುಗೆರೆಯಿಂದ ಸಮದೂರದಲ್ಲಿರಬೇಕು. ಇಲ್ಲವಾದರೆ ರೋಗಿ ವಾಲಿ ನಿಂತಿದ್ದರು ಎಂದರ್ಥ.

ಜಡೆಯ ಕತೆ ಬೇರೆಯೇ ಇದೆ. ದಪ್ಪ ಜಡೆಯೊಂದು ಹೆಗಲ ಮೇಲಿಂದ ಇಳಿಬಿದ್ದಿದ್ದರೆ ಅದರ ನೆರಳು ಶ್ವಾಸಕೋಶದ ತುದಿಯಲ್ಲಿ ಮಬ್ಬು ಮಚ್ಚೆಯಾಗಿ ಬೀಳುತ್ತದೆ. ದೊಡ್ಡವರಲ್ಲಿ ಕ್ಷಯ ಸಾಮಾನ್ಯವಾಗಿ ಕಾಣಿಸಿಕೊಳ್ಳುವ ಜಾಗವೂ ಅದೇ. ಜಡೆಯನ್ನು ಮೇಲಕ್ಕೆತ್ತಿ ಕಟ್ಟಿಸದ ಒಂದು ಮರೆವು ಆ ಹೆಣ್ಣುಮಗಳನ್ನು ಕಫ ಪರೀಕ್ಷೆಗೋ ಇನ್ನೊಂದು ಸ್ಕ್ಯಾನಿಗೋ ಅಲೆಸಬಹುದು. ತಾಳಿ, ರವಿಕೆಯ ಪಿನ್ನು, ಕೊರಳ ತಾಯಿತ, ಅಂಗಿ ಜೇಬಿನ ನಾಣ್ಯ, ಸೊಂಟದ ಎಕ್ಸ್‌ರೇ ಆದರೆ ಬೆಳ್ಳಿಯ ಉಡಿದಾರ: ಇವನ್ನೆಲ್ಲ ಕೇಳಿ ತೆಗೆಸಬೇಕು. ತಾಳಿ ತೆಗೆಯಲು ಒಪ್ಪದವರ ತಾಳಿಯನ್ನು ಚಿತ್ರಕ್ಕೆ ಅಡ್ಡ ಬಾರದ ಹಾಗೆ ಸರಿಸಿಕೊಳ್ಳುವ ಉಪಾಯ ಗೊತ್ತಿರಬೇಕು. ಕೊನೆಗೆ ಎಡ–ಬಲದ ಗುರುತು. ಸೀಸದ ಆ ಪುಟ್ಟ ಅಕ್ಷರ ಅದಲುಬದಲಾದರೆ ಮುಂದೆ ಯಾವ ಬದಿಗೆ ಸೂಜಿ ಚುಚ್ಚುತ್ತಾರೆ ಎಂಬುದೂ ಅದಲುಬದಲಾಗಬಹುದು.

ಇಷ್ಟೆಲ್ಲ ಆಗಿ ಗುಂಡಿ ಒತ್ತಲು ಹಿಡಿಯುವ ಸಮಯ ಸೆಕೆಂಡಿನ ಒಂದು ಸಣ್ಣ ಚೂರು.

ಜೀವಶಾಸ್ತ್ರ ಇಷ್ಟ, ಭೌತಶಾಸ್ತ್ರ ಕಷ್ಟ ಎಂದು ಈ ಕಡೆ ಬರುವ ಮಕ್ಕಳಿಗೆ ಆರಂಭದಲ್ಲೇ ಒಂದು ಆಘಾತ ಕಾದಿರುತ್ತದೆ. ಪಿಯುಸಿಯಲ್ಲಿ ಬೆನ್ನ ಹಿಂದೆ ಹಾಕಿ ಬಂದ ಭೌತಶಾಸ್ತ್ರ ಇಲ್ಲಿ ಬಾಗಿಲಲ್ಲೇ ಕೂತಿರುತ್ತದೆ. ಎಕ್ಸ್‌ರೇ ಟ್ಯೂಬಿನೊಳಗೆ ಬಿಸಿ ತಂತಿಯಿಂದ ಹೊರಟ ಎಲೆಕ್ಟ್ರಾನುಗಳು ಸಾವಿರಾರು ವೋಲ್ಟಿನ ಸೆಳೆತಕ್ಕೆ ಸಿಕ್ಕಿ ಟಂಗ್‌ಸ್ಟನ್ ಬಿಲ್ಲೆಗೆ ಅಪ್ಪಳಿಸುತ್ತವೆ. ಆ ಶಕ್ತಿಯಲ್ಲಿ ಎಕ್ಸ್‌ಕಿರಣವಾಗುವುದು ನೂರಕ್ಕೆ ಒಂದು ಪಾಲಿಗೂ ಕಡಿಮೆ. ಉಳಿದ 99ಕ್ಕೂ ಹೆಚ್ಚಿನ ಪಾಲು ಬರೀ ಶಾಖ. 3,400 ಡಿಗ್ರಿ ಸೆಲ್ಸಿಯಸ್ ದಾಟುವವರೆಗೆ ಕರಗದ ಟಂಗ್‌ಸ್ಟನ್ನೇ ಬೇಕಾದದ್ದು, ಅದನ್ನೂ ಗಿರಗಿರನೆ ತಿರುಗಿಸುತ್ತಿರಬೇಕಾದದ್ದು ಇದರಿಂದಲೇ. ತಣಿಯಲು ಬಿಡದೆ ಒಂದರ ಹಿಂದೊಂದು ಹೊಡೆದರೆ ಲಕ್ಷಗಟ್ಟಲೆ ಬೆಲೆಯ ಟ್ಯೂಬು ಬಿರುಕು ಬಿಡುತ್ತದೆ.

ರೇಡಿಯೋಗ್ರಾಫರ್ ಕೈಯಲ್ಲಿರುವುದು ಮುಖ್ಯವಾಗಿ ಎರಡು ಹಿಡಿತ: ಕಿಲೋವೋಲ್ಟ್ ಮತ್ತು ಮಿಲಿಆಂಪಿಯರ್–ಸೆಕೆಂಡ್. ವಿಭಾಗದ ಭಾಷೆಯಲ್ಲಿ ಕೆವಿ, ಎಂಎಎಸ್. ಮೊದಲನೆಯದು ಕಿರಣ ಎಷ್ಟು ಆಳಕ್ಕೆ ತೂರುತ್ತದೆ ಎಂಬುದನ್ನು ನಿರ್ಧರಿಸಿದರೆ, ಎರಡನೆಯದು ಎಷ್ಟು ಕಿರಣ ಬರುತ್ತದೆ ಎಂಬುದನ್ನು. ಕೆವಿ ಏರಿಸಿದರೆ ಮೂಳೆಗೂ ಮಾಂಸಕ್ಕೂ ಇರುವ ವ್ಯತ್ಯಾಸ ತೆಳುವಾಗುತ್ತದೆ, ಇಳಿಸಿದರೆ ಎದ್ದು ಕಾಣುತ್ತದೆ. ತೀರಾ ಇಳಿಸಿದರೆ ಕಿರಣ ಮೈಯಲ್ಲೇ ಇಂಗಿ, ಪ್ಲೇಟಿನವರೆಗೆ ಬಾರದೆ, ರೋಗಿಗೆ ವಿಕಿರಣ ಸಿಕ್ಕಿ ವೈದ್ಯರಿಗೆ ಚಿತ್ರ ಸಿಗದ ಸ್ಥಿತಿ. ದೂರದ ಲೆಕ್ಕ ಇನ್ನೂ ಸರಳ. ಒಂದು ಮೀಟರಿನಲ್ಲಿ ಇದ್ದ ತೀವ್ರತೆ ಎರಡು ಮೀಟರಿಗೆ ಹೋದರೆ ಕಾಲುಭಾಗ. ಪರೀಕ್ಷೆಗಾಗಿ ಬಾಯಿಪಾಠ ಮಾಡುವ ಈ ವಿಲೋಮ ವರ್ಗ ನಿಯಮದ ನಿಜವಾದ ಬೆಲೆ ತಿಳಿಯುವುದು ಐಸಿಯುನಲ್ಲಿ ಪೋರ್ಟಬಲ್ ಯಂತ್ರ ಹಿಡಿದು ನಿಂತಾಗ. ಹಿಂದಕ್ಕಿಡುವ ಎರಡೇ ಹೆಜ್ಜೆಯಲ್ಲಿ ಎಷ್ಟು ರಕ್ಷಣೆ ಇದೆ ಎಂಬುದು ಆಗ ಗೊತ್ತಾಗುತ್ತದೆ.

ಈಗ ಡಿಜಿಟಲ್ ತಂದ ತೊಡಕಿಗೆ ಬರುತ್ತೇನೆ. ಹಿಂದೆ ಫಿಲ್ಮಿತ್ತು, ಡಾರ್ಕ್ ರೂಮು, ಡೆವಲಪರ್, ಫಿಕ್ಸರ್, ಹೈಪೋ ವಾಸನೆ. ಕಿರಣ ಜಾಸ್ತಿ ಹೊಡೆದರೆ ಫಿಲ್ಮು ಕಪ್ಪಾಗುತ್ತಿತ್ತು, ಕಡಿಮೆಯಾದರೆ ಬಿಳಚಿಕೊಳ್ಳುತ್ತಿತ್ತು. ಮಾಡಿದ ತಪ್ಪು ಗೋಡೆಯ ಮೇಲಿನ ಬೆಳಕಿನ ಪೆಟ್ಟಿಗೆಯಲ್ಲಿ ಎಲ್ಲರೆದುರು ನೇತಾಡುತ್ತಿತ್ತು. ಡಿಜಿಟಲ್ ಪ್ಲೇಟು ಹಾಗಲ್ಲ. ಬೇಕಾದ್ದಕ್ಕಿಂತ ಎರಡು ಪಟ್ಟು ಕಿರಣ ಬಿದ್ದರೂ ಕಂಪ್ಯೂಟರು ಅದನ್ನು ಸರಿಹೊಂದಿಸಿ ಸುಂದರವಾದ ಚಿತ್ರ ಕೊಡುತ್ತದೆ. ಕಡಿಮೆ ಬಿದ್ದರೆ ಮಾತ್ರ ಚಿತ್ರ ಮರಳುಮರಳಾಗಿ, ವೈದ್ಯರಿಂದ ಬೈಗುಳ ತಿನ್ನಿಸುತ್ತದೆ. ಬೈಗುಳ ತಪ್ಪಿಸಿಕೊಳ್ಳಲು ಮನುಷ್ಯ ಏನು ಮಾಡುತ್ತಾನೆ? ಸ್ವಲ್ಪ ಜಾಸ್ತಿಯೇ ಇಡುತ್ತಾನೆ. ಮುಂದಿನ ತಿಂಗಳು ಇನ್ನೊಂದಿಷ್ಟು. ಹೀಗೆ ಯಾರ ಕಣ್ಣಿಗೂ ಬೀಳದೆ ಡೋಸು ತೆವಳುತ್ತ ಮೇಲೇರುವುದು ಜಗತ್ತಿನ ಎಲ್ಲ ಕಡೆ ಗುರುತಿಸಿರುವ ರೋಗ. ಚಿತ್ರದ ಮೂಲೆಯಲ್ಲಿ ಎಕ್ಸ್‌ಪೋಷರ್ ಇಂಡೆಕ್ಸ್ ಎಂಬ ಸಂಖ್ಯೆಯೊಂದು ಇರುತ್ತದೆ. ಆ ಸಂಖ್ಯೆ ಓದುವವನಿಗೆ ತಾನು ರೋಗಿಗೆ ಎಷ್ಟು ಹೆಚ್ಚು ಕೊಟ್ಟೆ ಎಂಬುದು ತಿಳಿಯುತ್ತದೆ. ಓದದವನಿಗೆ ಚಿತ್ರ ಚೆನ್ನಾಗಿ ಬಂತು ಎಂಬುದಷ್ಟೇ ತಿಳಿಯುತ್ತದೆ. ಆರು ತಿಂಗಳಲ್ಲಿ ಕಲಿತ ಹುಡುಗನಿಗೆ ಆ ಸಂಖ್ಯೆಯ ಬಗ್ಗೆ ಯಾರೂ ಹೇಳಿರುವುದಿಲ್ಲ.

ವಿಕಿರಣದ ಅಪಾಯ ಕಲಿಯಲು ವೈದ್ಯಲೋಕ ದೊಡ್ಡ ಬೆಲೆ ತೆತ್ತಿದೆ. 1895ರ ನವೆಂಬರ್ 8ರಂದು ಜರ್ಮನಿಯ ವ್ಯೂರ್ಟ್ಸ್‌ಬರ್ಗಿನಲ್ಲಿ ವಿಲ್ಹೆಲ್ಮ್ ರಾಂಟ್‌ಜೆನ್ ಈ ಕಿರಣವನ್ನು ಕಂಡ. ಆರೇ ವರ್ಷಕ್ಕೆ ಭೌತಶಾಸ್ತ್ರದ ಮೊಟ್ಟಮೊದಲ ನೊಬೆಲ್ ಅವನದಾಯಿತು. ಆದರೆ ಕಿರಣಕ್ಕೆ ಕೈಯೊಡ್ಡಿ ಯಂತ್ರ ಸರಿಯಿದೆಯೇ ಎಂದು ಪರೀಕ್ಷಿಸುತ್ತಿದ್ದ ಮೊದಲ ತಲೆಮಾರಿನವರ ಬೆರಳು ಕೊಳೆತವು, ತೋಳು ಕತ್ತರಿಸಬೇಕಾಯಿತು. ಥಾಮಸ್ ಎಡಿಸನ್ನನ ಸಹಾಯಕ ಕ್ಲಾರೆನ್ಸ್ ಡ್ಯಾಲಿ 1904ರಲ್ಲಿ ಹಾಗೆಯೇ ಸತ್ತ. ಎಡಿಸನ್ ಆ ಕೆಲಸದಿಂದಲೇ ಹಿಂದೆ ಸರಿದ. ಹ್ಯಾಂಬರ್ಗಿನ ಆಸ್ಪತ್ರೆಯೊಂದರ ಆವರಣದಲ್ಲಿ 1936ರಲ್ಲಿ ಎಬ್ಬಿಸಿದ ಸ್ಮಾರಕದ ಮೇಲೆ ಹೀಗೆ ಸತ್ತ 169 ಮಂದಿಯ ಹೆಸರು ಕೊರೆದಿದ್ದರು. ಪಟ್ಟಿ ಆಮೇಲೂ ಬೆಳೆಯಿತು.

ಹಾಗಾದರೆ ನಮ್ಮ ಮಗಳನ್ನು ಇಂಥ ಕೆಲಸಕ್ಕೆ ಕಳಿಸುವುದೇ ಎಂದು ತಾಯಂದಿರು ದನಿ ತಗ್ಗಿಸಿ ಕೇಳುತ್ತಾರೆ. ಮದುವೆ, ಮಕ್ಕಳು ಎಂಬ ಚಿಂತೆ ಅದರ ಹಿಂದಿರುತ್ತದೆ. ಅದಕ್ಕೆ ಸಮಾಧಾನಕ್ಕಿಂತ ಲೆಕ್ಕ ಕೊಡುವುದು ಮೇಲು. ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ವಿಕಿರಣದಲ್ಲಿ ಕೆಲಸ ಮಾಡುವವರಿಗೆ ಇಟ್ಟಿರುವ ಮಿತಿ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲೂ 30 ದಾಟಬಾರದು. 16ರಿಂದ 18 ವರ್ಷದ ತರಬೇತಿ ವಿದ್ಯಾರ್ಥಿಗಳಿಗೆ 6. ಗರ್ಭಿಣಿ ಉದ್ಯೋಗಿ ವಿಷಯ ತಿಳಿಸಿದ ದಿನದಿಂದ ಹೆರಿಗೆವರೆಗೆ ಮಗುವಿಗೆ ತಗಲಬಹುದಾದದ್ದು ಒಂದೇ ಮಿಲಿಸೀವರ್ಟ್, ಅಂದರೆ ಸಾಮಾನ್ಯ ನಾಗರಿಕರಿಗೆ ಒಂದು ವರ್ಷಕ್ಕೆ ಇಟ್ಟಿರುವಷ್ಟೇ. ಹೋಲಿಕೆಗೆ ಹೇಳುವುದಾದರೆ, ಮಣ್ಣು, ಗಾಳಿ, ಆಕಾಶದಿಂದ ಭೂಮಿಯ ಮೇಲಿನ ಮನುಷ್ಯನಿಗೆ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್ ಸುಮ್ಮನೆ ಬೀಳುತ್ತಿರುತ್ತದೆ. ಎದೆಯ ಒಂದು ಎಕ್ಸ್‌ರೇ ಸುಮಾರು 0.02. ಗೋಡೆಯ ಮರೆಯಲ್ಲಿ ನಿಂತು ಸರಿಯಾಗಿ ಕೆಲಸ ಮಾಡುವ ರೇಡಿಯೋಗ್ರಾಫರಿಗೆ ವರ್ಷವಿಡೀ ತಗಲುವುದು ಸಾಮಾನ್ಯವಾಗಿ ಒಂದು ಮಿಲಿಸೀವರ್ಟಿಗಿಂತ ಕೆಳಗೆ.

ಈ ಲೆಕ್ಕ ಇಡುವುದು ಟಿಎಲ್‌ಡಿ ಬ್ಯಾಡ್ಜು. ಅದರೊಳಗಿನ ಪುಟ್ಟ ಬಿಲ್ಲೆಗಳಲ್ಲಿರುವ ಡಿಸ್ಪ್ರೋಸಿಯಂ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟ್ ತಗಲಿದ ವಿಕಿರಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೂರು ತಿಂಗಳಿಗೊಮ್ಮೆ ಪ್ರಯೋಗಾಲಯದಲ್ಲಿ ಕಾಯಿಸಿದಾಗ ಆ ಲೆಕ್ಕವನ್ನು ಬೆಳಕಾಗಿ ಬಿಡುತ್ತದೆ. ಎದೆಯ ಮಟ್ಟದಲ್ಲಿ, ಸೀಸದ ಏಪ್ರನ್ನಿನ ಒಳಗೆ ಧರಿಸಬೇಕು. ಏಪ್ರನ್ನಿನ ಹೊರಗೆ ಸಿಕ್ಕಿಸಿಕೊಂಡವರನ್ನೂ ನೋಡಿದ್ದೇನೆ, ಕಳೆದುಹೋದೀತೆಂದು ಬೀರುವಿನಲ್ಲಿಟ್ಟು ಬೀಗ ಹಾಕಿದವರನ್ನೂ ನೋಡಿದ್ದೇನೆ. ಬೀರುವಿನ ಆರೋಗ್ಯ ಬಹಳ ಚೆನ್ನಾಗಿದೆ ಎಂದು ವರದಿ ಬರುತ್ತದೆ.

ಸಿ.ಟಿ. ಪಾಠದಲ್ಲಿ ಬ್ರಿಟನ್ನಿನ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಬರುತ್ತಾನೆ. ಇಎಂಐ ಕಂಪನಿಯ ಈ ಎಂಜಿನಿಯರ್ ಮಾಡಿದ ಯಂತ್ರದಲ್ಲಿ 1971ರ ಅಕ್ಟೋಬರ್ 1ರಂದು ಮೊದಲ ರೋಗಿಯ ತಲೆ ಸ್ಕ್ಯಾನ್ ಆಯಿತು. 1979ರ ನೊಬೆಲನ್ನು ಅವನು ಅಲನ್ ಕಾರ್ಮ್ಯಾಕ್ ಜೊತೆ ಹಂಚಿಕೊಂಡ. ನೀರು ಸೊನ್ನೆ, ಗಾಳಿ ಮೈನಸ್ ಸಾವಿರ ಎಂದು ಶುರುವಾಗುವ ಅಳತೆಗೋಲು ಅವನ ಹೆಸರಿನಲ್ಲೇ ಇದೆ. ನಮ್ಮ ಮಕ್ಕಳಿಗೆ ನಾನು ತಪ್ಪದೆ ಹೇಳುವುದು ಇನ್ನೆರಡು ಹೆಸರು. ಅದೇ 1971ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್, ನಾನಾ ಕೋನಗಳ ಎಕ್ಸ್‌ರೇ ನೆರಳುಗಳಿಂದ ಒಳಗಿನ ರೂಪವನ್ನು ಮರಳಿ ಕಟ್ಟಲು ಹಳೆಯದಕ್ಕಿಂತ ಚುರುಕಾದ ಗಣಿತದ ದಾರಿಯೊಂದನ್ನು ಪ್ರಕಟಿಸಿದರು. ಮುಂದೆ ದಶಕಗಳ ಕಾಲ ಸಿ.ಟಿ. ಯಂತ್ರಗಳು ಚಿತ್ರ ಕಟ್ಟಿದ ಕ್ರಮ ಈ ಜಾತಿಯದೇ. ಪ್ರೋಟೀನುಗಳ ಕೆಲಸಕ್ಕೆ ಹೆಸರಾದ ರಾಮಚಂದ್ರನ್ ಅವರನ್ನು ನಮ್ಮ ಇಮೇಜಿಂಗ್ ತರಗತಿಗಳು ಇನ್ನಷ್ಟು ನೆನೆಯಬೇಕಿತ್ತು.

ಎಂ.ಆರ್.ಐ. ಕೋಣೆಯಲ್ಲಿ ವಿಕಿರಣದ ಭಯವಿಲ್ಲ. ಇಲ್ಲಿ ಭಯ ಕಾಂತದ್ದು. 1.5 ಟೆಸ್ಲಾ ಯಂತ್ರದ ಕಾಂತಬಲ ಭೂಮಿಯ ಕಾಂತಬಲದ ಸುಮಾರು ಮೂವತ್ತು ಸಾವಿರ ಪಟ್ಟು. ಸ್ಕ್ಯಾನ್ ನಡೆಯದಿದ್ದಾಗಲೂ, ರಾತ್ರಿ ದೀಪ ಆರಿಸಿ ಮನೆಗೆ ಹೋದಾಗಲೂ ಆ ಕಾಂತ ಎಚ್ಚರವಾಗಿಯೇ ಇರುತ್ತದೆ. 2018ರ ಜನವರಿಯಲ್ಲಿ ಮುಂಬೈನ ಆಸ್ಪತ್ರೆಯೊಂದರಲ್ಲಿ ಆಕ್ಸಿಜನ್ ಸಿಲಿಂಡರ್ ಹಿಡಿದು ಎಂ.ಆರ್.ಐ. ಕೋಣೆಗೆ ಕಾಲಿಟ್ಟ ಯುವಕನೊಬ್ಬ ಸಿಲಿಂಡರ್ ಸಮೇತ ಯಂತ್ರಕ್ಕೆ ಸೆಳೆಯಲ್ಪಟ್ಟು ಸತ್ತ. ಆ ಬಾಗಿಲಲ್ಲಿ ನಿಲ್ಲುವವರ ಕೆಲಸ ಅರ್ಧ ಪೊಲೀಸನದು. ಪೇಸ್‌ಮೇಕರ್ ಇದೆಯೇ, ಹಳೆಯ ಆಪರೇಷನ್ನಿನ ಕ್ಲಿಪ್ ಇದೆಯೇ ಎಂದು ಕೇಳುವುದು ಎಲ್ಲರಿಗೂ ನೆನಪಿರುತ್ತದೆ. ‘ಯಾವತ್ತಾದರೂ ವೆಲ್ಡಿಂಗ್ ಕೆಲಸ ಮಾಡಿದ್ದೀರಾ? ಕಣ್ಣಿಗೆ ಕಬ್ಬಿಣದ ಚೂರು ಹಾರಿತ್ತಾ?’ ಎಂದು ಕೇಳುವುದನ್ನು ಕಲಿಸಬೇಕು. ಪೀಣ್ಯದ ಶೆಡ್ಡಿನಲ್ಲಿ ವರ್ಷಗಟ್ಟಲೆ ದುಡಿದವನ ಕಣ್ಣಿನೊಳಗೆ ಅವನಿಗೇ ಮರೆತುಹೋದ ಚೂರೊಂದು ಉಳಿದಿರಬಹುದು. ಕಾಂತದೊಳಗೆ ಅದು ಕದಲಿದರೆ ಕಣ್ಣೇ ಹೋಗಬಹುದು.

ಅಲ್ಟ್ರಾಸೌಂಡ್? ‘ಸ್ಕ್ಯಾನಿಂಗ್ ಕೋರ್ಸು’ ಎಂದು ಬಂದವರಿಗೆ ಇಲ್ಲಿ ನಿರಾಸೆ. 1994ರ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯ ಚೌಕಟ್ಟಿನಲ್ಲಿ ನಮ್ಮಲ್ಲಿ ಗರ್ಭಿಣಿಯರ ಅಲ್ಟ್ರಾಸೌಂಡ್ ಮಾಡುವುದು ಅರ್ಹ ವೈದ್ಯರ ಕೆಲಸ. ವಿದ್ಯಾರ್ಥಿಗಳು ತಂತ್ರ ಓದುತ್ತಾರೆ, ಪ್ರೋಬ್ ಅವರ ಕೈಗೆ ಬರುವುದಿಲ್ಲ. ಬ್ರಿಟನ್ನಿನಲ್ಲಿ ದಾರಿ ಬೇರೆ. ಅಲ್ಲಿ ಡಯಾಗ್ನೋಸ್ಟಿಕ್ ರೇಡಿಯೋಗ್ರಫಿ ಪದವಿ ಮುಗಿಸಿ, ಶಾಸನಬದ್ಧ ನಿಯಂತ್ರಕ ಸಂಸ್ಥೆಯಲ್ಲಿ ನೋಂದಾಯಿಸಿಕೊಂಡವರಿಗೆ ಮಾತ್ರ ರೇಡಿಯೋಗ್ರಾಫರ್ ಎಂದು ಹೇಳಿಕೊಳ್ಳುವ ಹಕ್ಕು. ಮುಂದೆ ಓದಿದ ರೇಡಿಯೋಗ್ರಾಫರುಗಳು ಅಲ್ಟ್ರಾಸೌಂಡ್ ಮಾಡುತ್ತಾರೆ, ಮುರಿತದ ಎಕ್ಸ್‌ರೇಗಳಿಗೆ ತಾವೇ ವರದಿಯನ್ನೂ ಬರೆಯುತ್ತಾರೆ. ಇಲ್ಲಿಂದ ಅಲ್ಲಿಗೆ ಹೋಗಬಯಸುವವರು ಕಲಿತ ಗಂಟೆ, ಮಾಡಿದ ಪರೀಕ್ಷೆ, ಇಂಟರ್ನ್‌ಶಿಪ್ಪಿನ ದಾಖಲೆಗಳನ್ನು ಮೊದಲ ವರ್ಷದಿಂದಲೇ ಜೋಪಾನ ಮಾಡಿಕೊಳ್ಳುವುದು ಒಳ್ಳೆಯದು.

ಈ ಓದಿನಲ್ಲಿ ಅತಿ ಕಷ್ಟದ್ದು ಯಾವುದು ಎಂದು ಕೇಳಿದರೆ ನಾನು ಎಂ.ಆರ್.ಐ. ಭೌತಶಾಸ್ತ್ರ ಎನ್ನುವುದಿಲ್ಲ. ಒಂದು ಪ್ರಶ್ನೆ ಕೇಳುವುದು ಎನ್ನುತ್ತೇನೆ. ಹೊಟ್ಟೆ ಅಥವಾ ಸೊಂಟದ ಎಕ್ಸ್‌ರೇಗೆ ಬಂದ ಮಗುವಾಗುವ ವಯಸ್ಸಿನ ಹೆಣ್ಣುಮಕ್ಕಳನ್ನೆಲ್ಲ ಕೊನೆಯ ಸಲ ಮುಟ್ಟಾದದ್ದು ಯಾವಾಗ ಎಂದು ಕೇಳಲೇಬೇಕು. ದಿನ ಮೀರಿದ್ದರೆ ಗರ್ಭಿಣಿ ಇರಬಹುದು ಎಂದೇ ಎಣಿಸಿ ವೈದ್ಯರನ್ನು ಕೇಳಬೇಕು. ಪುಸ್ತಕದಲ್ಲಿ ಒಂದು ಸಾಲು. ಕೋಣೆಯಲ್ಲಿ? ಇಪ್ಪತ್ತರ ಹುಡುಗ, ಎದುರಿಗೆ ಅವನಿಗಿಂತ ಎರಡು ವರ್ಷ ದೊಡ್ಡವಳು, ಪಕ್ಕದಲ್ಲಿ ಅತ್ತೆ. ಹುಡುಗ ತಲೆ ತಗ್ಗಿಸಿ ಫಾರ್ಮು ನೋಡುತ್ತ ‘ಪ್ರೆಗ್ನೆಂಟ್ ಏನಿಲ್ಲ ಅಲ್ವಾ?’ ಎಂದು ಗೊಣಗುತ್ತಾನೆ. ಉತ್ತರ ಬರುವುದು ಅತ್ತೆಯಿಂದ: ‘ಅಯ್ಯೋ ಇಲ್ಲಪ್ಪಾ.’ ಸೊಸೆ ಬಾಯಿ ಬಿಡುವುದಿಲ್ಲ. ಮದುವೆಯಾಗದ ಹುಡುಗಿ ಅಮ್ಮನ ಜೊತೆ ಬಂದಿದ್ದರೆ ಇನ್ನೂ ಸೂಕ್ಷ್ಮ.

ಸರಿಯಾಗಿ ಕಲಿತವರು ಜೊತೆಗೆ ಬಂದವರನ್ನು ಮೊದಲು ಹೊರಗೆ ಕೂರಿಸುತ್ತಾರೆ. ಕಿರಣವಿರುವ ಕೋಣೆ ಎಂಬ ನೆಪ ಕೈಯಲ್ಲೇ ಇದೆ, ಅದು ಸುಳ್ಳೂ ಅಲ್ಲ. ‘ಅಕ್ಕಾ, ಈ ಎಕ್ಸ್‌ರೇ ತೆಗೆಸೋ ಹೆಂಗಸರಿಗೆಲ್ಲ ಕೇಳ್ತೀವಿ, ನಿಮಗೊಬ್ಬರಿಗೇ ಅಲ್ಲ. ಮುಟ್ಟಾಗಿ ಎಷ್ಟು ದಿನ ಆಯ್ತು?’ ಎಂದು ನೇರವಾಗಿ, ಮಾಮೂಲಿ ದನಿಯಲ್ಲಿ ಕೇಳುತ್ತಾರೆ. ಸಂಕೋಚ ಕಂಡರೆ ಸಹಪಾಠಿ ಹುಡುಗಿಯನ್ನೋ ಸಿಸ್ಟರನ್ನೋ ಕರೆಯುತ್ತಾರೆ. ‘ಇನ್ನೂ ಆಗಿಲ್ಲ’ ಎಂಬ ಉತ್ತರ ಬಂದರೆ ಯಂತ್ರ ನಿಲ್ಲುತ್ತದೆ, ವೈದ್ಯರಿಗೆ ಫೋನು ಹೋಗುತ್ತದೆ. ಹೊರಗೆ ಕೂತ ಅತ್ತೆಗೆ ಕಾರಣ ಹೇಳುವುದಿಲ್ಲ. ಈ ನಾಲ್ಕು ಮಾತಿಗೆ ಬೇಕಾದ ನಾಲಗೆ, ಧೈರ್ಯ, ಗುಟ್ಟು ಕಾಯುವ ಬುದ್ಧಿ ಮೂರನೇ ವರ್ಷದ ಕೊನೆಗಾದರೂ ಬಂದಿದ್ದರೆ ಆ ವಿದ್ಯಾರ್ಥಿಯ ಓದು ಕೈಹತ್ತಿದೆ ಎಂದು ನನ್ನ ಲೆಕ್ಕ.

ಅಪಘಾತದ ಗಾಯಾಳುವಿನ ವಿಷಯವೂ ಹೀಗೇ. ಪುಸ್ತಕದ ಚಿತ್ರದಲ್ಲಿ ರೋಗಿ ಒಳ್ಳೆಯ ಹುಡುಗನಂತೆ ಪಕ್ಕಕ್ಕೆ ತಿರುಗಿ ಮಲಗಿರುತ್ತಾನೆ. ರಾತ್ರಿ ಪಾಳಿಯಲ್ಲಿ ಬಂದವನ ತೊಡೆಮೂಳೆ ಮುರಿದಿರುತ್ತದೆ, ಕುತ್ತಿಗೆಗೆ ಕಾಲರ್ ಇರುತ್ತದೆ, ಕುಡಿದೂ ಇರಬಹುದು. ತಿರುಗಿಸಬೇಕಾದದ್ದು ಅವನನ್ನಲ್ಲ, ಟ್ಯೂಬನ್ನು. ಕಿರಣವನ್ನು ಅಡ್ಡಲಾಗಿ ಹಾಯಿಸಿ, ಪ್ಲೇಟನ್ನು ಪಕ್ಕದಲ್ಲಿ ನಿಲ್ಲಿಸಿ, ಮೈ ಕದಲಿಸದೆ ಎರಡನೇ ಕೋನದ ಚಿತ್ರ ಪಡೆಯುವುದನ್ನು ಇಂಟರ್ನ್‌ಶಿಪ್ಪಿನ ವರ್ಷ ಕಲಿಸುತ್ತದೆ. ಕೇರಳದಿಂದ, ಈಶಾನ್ಯದಿಂದ ಬಂದು ಮಂಗಳೂರು, ಬೆಂಗಳೂರುಗಳಲ್ಲಿ ಓದುವ ಮಕ್ಕಳು ಕನ್ನಡ ಕಲಿಯುವುದೂ ಇಲ್ಲೇ. ‘ಉಸಿರು ಎಳ್ಕೊಳ್ಳಿ’ ಎಂದು ಕಲಿತವರು ಹುಬ್ಬಳ್ಳಿಗೆ ಹೋದರೆ ‘ಉಸಿರು ಜಗ್ಗ್ರಿ’ ಎನ್ನಬೇಕಾಗುತ್ತದೆ.

ಡಿಪ್ಲೊಮಾ ಸಾಲದೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಪ್ಯಾರಾಮೆಡಿಕಲ್ ಬೋರ್ಡಿನ ಡಿಪ್ಲೊಮಾ ಮುಗಿಸಿದ ಅದೆಷ್ಟೋ ಮಂದಿಯ ಕೈಚಳಕ ಪದವೀಧರರನ್ನು ನಾಚಿಸುತ್ತದೆ. ತಾಲ್ಲೂಕು ಆಸ್ಪತ್ರೆಗಳು ನಡೆದಿರುವುದು ಅವರಿಂದ. ಆದರೆ ಗಾಳಿ ಬೀಸುತ್ತಿರುವ ಕಡೆ ನೋಡಬೇಕು. ವೈದ್ಯರಿಗೆ, ನರ್ಸುಗಳಿಗೆ ರಾಷ್ಟ್ರಮಟ್ಟದ ನಿಯಂತ್ರಣ ಮಂಡಳಿಗಳು ಎಂದೋ ಇದ್ದವು. ಇಮೇಜಿಂಗ್‌ನವರಿಗೆ ಅಂಥದೊಂದು ಕಾನೂನು ಬಂದದ್ದು 2021ರಲ್ಲಿ, ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆಯ ಮೂಲಕ. ಅದು ಎರಡು ಮೆಟ್ಟಿಲು ಮಾಡುತ್ತದೆ: ಕನಿಷ್ಠ 2,000 ಗಂಟೆ ಕಲಿತವರು ಒಂದು, ಕನಿಷ್ಠ 3,600 ಗಂಟೆಯ ಪದವಿ ಪಡೆದವರು ಇನ್ನೊಂದು. ನೋಂದಣಿ ಬಿಗಿಯಾದಂತೆ ಈ ವ್ಯತ್ಯಾಸ ಕೆಲಸದಲ್ಲೂ ಬಡ್ತಿಯಲ್ಲೂ ಕಾಣಿಸುವುದು ಖಂಡಿತ. ಸಂಬಳದ ವಿಷಯದಲ್ಲಿ ಮಾತ್ರ ಆಸೆ ಹುಟ್ಟಿಸಲಾರೆ. ಖಾಸಗಿ ಡಯಾಗ್ನೋಸ್ಟಿಕ್ ಸೆಂಟರುಗಳು ಹೊಸಬರಿಗೆ ಕೊಡುವುದು ಕಡಿಮೆ, ದುಡಿಸುವುದು ಜಾಸ್ತಿ. ಸಿ.ಟಿ.ಯಲ್ಲೋ ಎಂ.ಆರ್.ಐ.ಯಲ್ಲೋ ಕೈ ಪಳಗಿದ ಮೇಲೆ ಸ್ಥಿತಿ ಸುಧಾರಿಸುತ್ತದೆ.

‘ಎಐ ಬಂದರೆ ಈ ಕೆಲಸ ಇರುತ್ತಾ?’ ಎಂಬುದು ಈಚಿನ ಪ್ರಶ್ನೆ. ಎದೆಯ ಎಕ್ಸ್‌ರೇ ನೋಡಿ ಕ್ಷಯದ ಶಂಕೆ ಹೇಳುವ ತಂತ್ರಾಂಶಗಳನ್ನು 15 ವರ್ಷ ತುಂಬಿದವರ ತಪಾಸಣೆಗೆ ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಹೇಳಿದೆ. ಅವು ಓದುವುದು ಚಿತ್ರವನ್ನು. ಅಜ್ಜನ ಉಸಿರು ಕಾಯುವುದು, ಜಡೆ ಎತ್ತಿ ಕಟ್ಟಿಸುವುದು, ಅತ್ತೆಯನ್ನು ಹೊರಗೆ ಕೂರಿಸುವುದು ಅವುಗಳ ಕೆಲಸವಲ್ಲ.

ಕಾಲೇಜು ಆರಿಸುವವರಿಗೆ ಕೊನೆಯದಾಗಿ ಎರಡು ಮಾತು. ಕಟ್ಟಡ ನೋಡಬೇಡಿ, ಆಸ್ಪತ್ರೆ ನೋಡಿ. ಬೆಳಿಗ್ಗೆ ಹತ್ತು ಗಂಟೆಗೆ ಎಕ್ಸ್‌ರೇ ವಿಭಾಗದ ಮುಂದೆ ಹೋಗಿ ನಿಂತರೆ ಸಾಲು ಇದೆಯೋ ಇಲ್ಲವೋ ತಿಳಿಯುತ್ತದೆ. ಸಾಲಿಲ್ಲದ ಕಡೆ ಕಲಿಯಲು ರೋಗಿಗಳಿಲ್ಲ. ಸಿ.ಟಿ., ಎಂ.ಆರ್.ಐ. ಅದೇ ಆವರಣದಲ್ಲಿವೆಯೇ, ಇಲ್ಲಾ ವಾರಕ್ಕೊಮ್ಮೆ ಬಸ್ಸಿನಲ್ಲಿ ಕರೆದೊಯ್ದು ಗಾಜಿನ ಹಿಂದಿನಿಂದ ತೋರಿಸುತ್ತಾರೆಯೇ ಕೇಳಿ. ಇಂಟರ್ನ್‌ಶಿಪ್ಪಿಗೆ ಸ್ಟೈಪೆಂಡ್ ಉಂಟೇ, ಅಥವಾ ಸಿಬ್ಬಂದಿ ಕೊರತೆ ತುಂಬಲು ಬಿಟ್ಟಿ ದುಡಿಮೆಯೇ ಎಂಬುದನ್ನು ಕಚೇರಿಯವರ ಬದಲು ಕ್ಯಾಂಟೀನಿನಲ್ಲಿ ಕೂತ ಸೀನಿಯರುಗಳನ್ನು ಕೇಳಿ. ಅವರ ಅಂಗಿಯ ಮೇಲೆ ಅವರದೇ ಹೆಸರಿನ ಟಿಎಲ್‌ಡಿ ಬ್ಯಾಡ್ಜು ಇದೆಯೇ ಎಂಬುದನ್ನೂ ಒಮ್ಮೆ ನೋಡಿಕೊಳ್ಳಿ. ವಿದ್ಯಾರ್ಥಿಗಳಿಗೆ ಬ್ಯಾಡ್ಜು ಕೊಡದ ಕಾಲೇಜಿಗೆ ಶುಲ್ಕ ಕಟ್ಟಬೇಡಿ.